ಕಣ್ಣಿನ ಹನಿಯಲ್ಲಿ ಎಣ್ಣೆಯ ಕಣ: ಬೆಸೆಯುವ ವಸ್ತು ಎಷ್ಟು ನಿರಪಾಯ?

ಹರಳೆಣ್ಣೆ ಹಚ್ಚಿಕೊಂಡು ಸೀಗೆಕಾಯಿ ಪುಡಿಯಿಂದ ತಲೆ ತೊಳೆಯುವ ಅಭ್ಯಂಜನದ ಪದ್ಧತಿ ನಮ್ಮ ಜಿಲ್ಲೆಯ ಮನೆಗಳಲ್ಲಿ ಇನ್ನೂ ಮರೆಯಾಗಿಲ್ಲ. ತಲೆಯಿಂದ ಇಳಿದ ಎಣ್ಣೆ ಕಣ್ಣಿಗೆ ಸೋಕಿದರೆ ನೋಟ ಕೊಂಚ ಮಸುಕಾಗುತ್ತದೆ. ಸೀಗೆಯ ನೀರು ಸೋಕಿದರೆ ಮಾತ್ರ ಕಣ್ಣು ಉರಿದು ಕೆಂಡದಂತಾಗುತ್ತದೆ. ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ಇರುವ ಸಪೋನಿನ್ ಎಂಬ ಅಂಶವು ಎಣ್ಣೆಯನ್ನು ನೀರಿನೊಡನೆ ಬೆಸೆದು ಕೂದಲಿನಿಂದ ಬಿಡಿಸಿಕೊಂಡು ಹೋಗುತ್ತದೆ. ಕೂದಲಿಗೆ ಉಪಕಾರಿಯಾದ ಈ ಗುಣವೇ ಕಣ್ಣಿಗೆ ಅಪಕಾರಿಯಾಗುತ್ತದೆ. ಎಣ್ಣೆ-ನೀರುಗಳನ್ನು ಹೀಗೆ ಬೆಸೆಯುವ ವಸ್ತುಗಳನ್ನು ಔಷಧ ಉದ್ಯಮದಲ್ಲಿ ಸರ್ಫ್ಯಾಕ್ಟಂಟ್ ಎಂದು ಕರೆಯುತ್ತಾರೆ. ಸಾಬೂನು, ಶಾಂಪೂ, ಪಾತ್ರೆ ತೊಳೆಯುವ ದ್ರವ ಎಲ್ಲವೂ ಈ ಕುಲಕ್ಕೆ ಸೇರಿದವುಗಳೇ.

ಅದೇ ಕುಲದ ವಸ್ತುಗಳನ್ನು ಇಂದು ಬುದ್ಧಿಪೂರ್ವಕವಾಗಿ ಕಣ್ಣಿಗೇ ಹಾಕಲಾಗುತ್ತಿದೆ ಎಂದರೆ ಅನೇಕ ಸದಸ್ಯ ಬಂಧುಗಳಿಗೆ ಅಚ್ಚರಿಯಾಗಬಹುದು. ಔಷಧವನ್ನು ಅತಿಸೂಕ್ಷ್ಮ ಕೊಬ್ಬಿನ ಕಣಗಳಲ್ಲಿ ಇಟ್ಟು ದೇಹಕ್ಕೆ ತಲುಪಿಸುವ ವಿಧಾನದ ಹೆಸರು ಕೋವಿಡ್ ಲಸಿಕೆಗಳ ಕಾಲದಲ್ಲಿ, 2020ರ ನಂತರ, ಜನಸಾಮಾನ್ಯರ ಕಿವಿಗೂ ಬಿದ್ದಿತು. ಕಣ್ಣಿನ ಔಷಧಗಳ ಕ್ಷೇತ್ರದಲ್ಲಿ ಅದಕ್ಕೂ ಮುಂಚಿನಿಂದ ಈ ದಿಕ್ಕಿನ ಪ್ರಯತ್ನ ನಡೆದಿದೆ. ಎಣ್ಣೆ, ಕೊಬ್ಬರಿ, ಹರಳುಗಳ ವ್ಯಾಪಾರವೂ, ಪ್ರತಿ ಹೋಬಳಿಯಲ್ಲಿ ಔಷಧ ಅಂಗಡಿಗಳೂ ಇರುವ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗಗಳ ವರ್ತಕರಿಗೆ ಇದು ದೂರದ ಪ್ರಯೋಗಾಲಯದ ಸಂಗತಿಯಲ್ಲ. ಕಚ್ಚಾ ಮಾಲಿನ ಒಂದು ಕೊನೆಯೂ, ಮಾರಾಟದ ಇನ್ನೊಂದು ಕೊನೆಯೂ ನಮ್ಮಲ್ಲಿಯೇ ಇವೆ.

ಒಂದು ಹನಿಯ ಲೆಕ್ಕ

ಕಣ್ಣಿನ ಮೇಲೆ ಸದಾ ಇರುವ ಕಂಬನಿಯ ಪ್ರಮಾಣ ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಅಂದರೆ ಹಾಕಿದ ಹನಿಯ ಬಹುಭಾಗ ಕೆನ್ನೆಯ ಮೇಲೆ ಹರಿದು ಹೋಗುತ್ತದೆ, ಇಲ್ಲವೇ ಮೂಗಿನ ನಾಳಕ್ಕೆ ಇಳಿಯುತ್ತದೆ. ಉಳಿದುದನ್ನು ರೆಪ್ಪೆಯ ಮಿಟುಕು ಮತ್ತು ಹೊಸ ಕಂಬನಿಗಳು ಕೆಲವೇ ನಿಮಿಷಗಳಲ್ಲಿ ತೊಳೆದುಬಿಡುತ್ತವೆ. ಕಣ್ಣಿನ ಒಳಕ್ಕೆ ಹೋಗುವ ಔಷಧ ಸಾಮಾನ್ಯವಾಗಿ ಶೇಕಡ 5ನ್ನೂ ಮೀರುವುದಿಲ್ಲ. ನೂರು ರೂಪಾಯಿಯ ಸರಕು ಕಳುಹಿಸಿದರೆ ಐದು ರೂಪಾಯಿಯದು ಮಾತ್ರ ಗಿರಾಕಿಗೆ ಮುಟ್ಟುವ ಸಾಗಣೆಯನ್ನು ಯಾವ ವರ್ತಕನೂ ಒಪ್ಪಲಾರನು. ಕೊಬ್ಬಿನ ಸೂಕ್ಷ್ಮ ಕಣಗಳತ್ತ ವಿಜ್ಞಾನಿಗಳು ತಿರುಗಿದುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣವೆಂದರೆ, ಹಲವು ಉತ್ತಮ ಔಷಧಗಳು ನೀರಿನಲ್ಲಿ ಕರಗುವುದೇ ಇಲ್ಲ. ಎಣ್ಣೆಯಲ್ಲಿ ಕರಗುವ ಅಂತಹ ಔಷಧವನ್ನು ಕಣಗಳೊಳಗೆ ಇಟ್ಟರೆ ಅದು ಕಣ್ಣಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಮತ್ತು ಕೊಬ್ಬಿನ ಅಂಶವುಳ್ಳ ಹೊರಪದರವನ್ನು ಸುಲಭವಾಗಿ ದಾಟುತ್ತದೆ.

ಆದರೆ ನೀರಿನಲ್ಲಿ ಹರಡಿದ ಎಣ್ಣೆಯ ಕಣಗಳು ತಾವಾಗಿ ಬೇರೆಬೇರೆ ನಿಲ್ಲುವುದಿಲ್ಲ. ಒಂದರೊಡನೊಂದು ಕೂಡಿ ಕೆನೆಗಟ್ಟುತ್ತವೆ. ಪ್ರತಿ ಕಣದ ಸುತ್ತಲೂ ಬೇಲಿಯಂತೆ ನಿಂತು ಅದನ್ನು ತಡೆಯುವುದೇ ಸರ್ಫ್ಯಾಕ್ಟಂಟಿನ ಕೆಲಸ. ಕಣ ಚಿಕ್ಕದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಬೇಲಿಗೆ ಬೇಕಾದ ವಸ್ತುವೂ ಹೆಚ್ಚುತ್ತದೆ. ನ್ಯಾನೊ ಗಾತ್ರದ ಆಕರ್ಷಣೆಯ ಬೆನ್ನಿಗೇ ಈ ಹೆಚ್ಚುವರಿ ಹೊರೆ ಬರುತ್ತದೆ ಎಂಬುದನ್ನು ಪ್ರಚಾರದ ಕರಪತ್ರಗಳು ಹೇಳುವುದು ಅಪರೂಪ.

ಉರಿ ಎಲ್ಲಿಂದ ಬರುತ್ತದೆ?

ಕಂಬನಿಯ ಮೇಲೆ ರೆಪ್ಪೆಯಂಚಿನ ಗ್ರಂಥಿಗಳು ಹರಡುವ ಅತಿ ತೆಳುವಾದ ಎಣ್ಣೆಯ ಪದರವಿದೆ. ಕಂಬನಿ ಬೇಗನೆ ಆರಿಹೋಗದಂತೆ ಕಾಪಾಡುವುದು ಅದೇ. ಅದರ ಅಡಿಯಲ್ಲಿ ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಹೊರಪದರವಿದೆ. ಐದಾರು ಸಾಲು ಜೀವಕೋಶಗಳಿಂದಾದ, ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ದಪ್ಪವಿರುವ ಗೋಡೆ ಅದು. ಮಿತಿಮೀರಿದ ಸರ್ಫ್ಯಾಕ್ಟಂಟು ಮೊದಲು ಎಣ್ಣೆಯ ಪದರವನ್ನು ಚದುರಿಸುತ್ತದೆ. ಆಮೇಲೆ ಜೀವಕೋಶಗಳ ಕೊಬ್ಬಿನ ಹೊದಿಕೆಯನ್ನೇ ಕರಗಿಸತೊಡಗುತ್ತದೆ. ಹೊರಪದರ ಗಾಯಗೊಂಡರೂ ಕೆಲವು ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಕಾರ್ನಿಯಾದ ಒಳಗೋಡೆಯ ಜೀವಕೋಶಗಳಿಗೆ ಆ ಭಾಗ್ಯವಿಲ್ಲ. ಮನುಷ್ಯರಲ್ಲಿ ಅವು ನಾಶವಾದರೆ ಹೊಸದಾಗಿ ಹುಟ್ಟಿ ಜಾಗ ತುಂಬುವುದಿಲ್ಲ.

ಎಲ್ಲ ಸರ್ಫ್ಯಾಕ್ಟಂಟುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಧನ ವಿದ್ಯುದಂಶವುಳ್ಳವು ಸಾಮಾನ್ಯವಾಗಿ ಕಣ್ಣಿಗೆ ಅತಿ ಕಠೋರ. ಶಾಂಪೂಗಳಲ್ಲಿ ಬಳಸುವ ಸೋಡಿಯಂ ಲಾರಿಲ್ ಸಲ್ಫೇಟಿನಂತಹ ಋಣ ವಿದ್ಯುದಂಶದವು ಅದರ ನಂತರದವು. ವಿದ್ಯುದಂಶವೇ ಇಲ್ಲದ ಪಾಲಿಸಾರ್ಬೇಟ್ 80, ಪೊಲೊಕ್ಸಾಮರ್, ಟೈಲೊಕ್ಸಾಪಾಲ್ ಮೊದಲಾದವು ಸೌಮ್ಯ. ಸೋಯಾ ಅಥವಾ ಮೊಟ್ಟೆಯಿಂದ ತೆಗೆಯುವ ಲೆಸಿಥಿನ್ ಕೂಡ ಸೌಮ್ಯವೇ. ಆದುದರಿಂದ ಕಣ್ಣಿನ ಹನಿಗಳ ತಯಾರಕರು ಹೆಚ್ಚಾಗಿ ಈ ಸೌಮ್ಯ ವರ್ಗವನ್ನೇ ಆರಿಸಿಕೊಳ್ಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಹಾನಿಯ ಮಟ್ಟವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಣಕ್ಕೆ ಅಂಟಿಕೊಂಡಿರುವ ಸರ್ಫ್ಯಾಕ್ಟಂಟಲ್ಲ. ಅಂಟಲು ಜಾಗವಿಲ್ಲದೆ ನೀರಿನಲ್ಲಿ ಬಿಡಿಯಾಗಿ ಅಲೆಯುವ ಹೆಚ್ಚುವರಿ ಭಾಗ. ಯುರೋಪಿನಲ್ಲಿ 2015ರಲ್ಲಿ ಅನುಮತಿ ಪಡೆದ ಐಕರ್ವಿಸ್ ಎಂಬ ಹನಿಯಲ್ಲಿ ಸೆಟಾಲ್ಕೋನಿಯಂ ಕ್ಲೋರೈಡ್ ಎಂಬ ಧನ ವಿದ್ಯುದಂಶದ ವಸ್ತುವನ್ನು ಶೇಕಡ 0.005ರಷ್ಟು ಬಳಸಲಾಗಿದೆ. ಅದು ಎಣ್ಣೆಯ ಹನಿಗಳಿಗೆ ಅಂಟಿಕೊಂಡು, ಅವುಗಳಿಗೆ ಕಣ್ಣಿನ ಮೇಲ್ಮೈಯನ್ನು ಹಿಡಿದು ನಿಲ್ಲುವ ಶಕ್ತಿ ನೀಡುತ್ತದೆ. ಬಿಡಿಯಾಗಿ ನೀರಿನಲ್ಲಿದ್ದರೆ ಅದೇ ವಸ್ತು ಕಠೋರ. ಹೀಗಿರುವಾಗ ಒಂದು ವಸ್ತುವಿನ ಹೆಸರು ಹಿಡಿದು ಒಳ್ಳೆಯದು, ಕೆಟ್ಟದ್ದು ಎಂದು ಪಟ್ಟಿ ಮಾಡುವುದರಲ್ಲಿ ಅರ್ಥವಿಲ್ಲ. ಯಾವ ಎಣ್ಣೆಗೆ ಎಷ್ಟು ಪ್ರಮಾಣ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ ಎಂಬುದನ್ನೂ ಕೇಳಬೇಕಾಗುತ್ತದೆ.

ಹರಳೆಣ್ಣೆಯ ದೂರ ಪಯಣ

ನಮ್ಮ ಬಯಲುಸೀಮೆಯ ರೈತರು ರಾಗಿ, ಶೇಂಗಾ ಹೊಲಗಳ ನಡುವೆ ಅಕ್ಕಡಿಯಾಗಿ ಬೆಳೆಯುತ್ತ ಬಂದ ಔಡಲ, ಅಂದರೆ ಹರಳು, ಈ ಕಥೆಯಲ್ಲಿ ಎರಡು ಪಾತ್ರಗಳನ್ನು ವಹಿಸುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ಭಾರತ; ಅದರಲ್ಲಿ ಸಿಂಹಪಾಲು ಗುಜರಾತಿನದು. ಹರಳೆಣ್ಣೆಯ ಸುಮಾರು ಶೇಕಡ 90ರಷ್ಟು ಭಾಗ ರಿಸಿನೋಲಿಕ್ ಆಮ್ಲ. ಬೇರೆ ಅಡುಗೆ ಎಣ್ಣೆಗಳಲ್ಲಿಲ್ಲದ ಇದರ ರಚನೆಯೇ ಹರಳೆಣ್ಣೆಗೆ ಅಷ್ಟು ಮಂದವಾದ ಗುಣವನ್ನೂ, ಕೆಲವು ಔಷಧಗಳನ್ನು ಕರಗಿಸಿಕೊಳ್ಳುವ ಶಕ್ತಿಯನ್ನೂ ಕೊಟ್ಟಿದೆ.

ಮೊದಲನೆಯ ಪಾತ್ರ ಎಣ್ಣೆಯಾಗಿಯೇ. ಒಣಗಣ್ಣಿನ ಕಾಯಿಲೆಗಾಗಿ ಅಮೆರಿಕದಲ್ಲಿ 2002ರ ಡಿಸೆಂಬರಿನಲ್ಲಿ ಅನುಮತಿ ಪಡೆದ ರೆಸ್ಟಾಸಿಸ್ ಎಂಬ ಸೈಕ್ಲೋಸ್ಪೋರಿನ್ ಹನಿಯಲ್ಲಿ ಔಷಧವನ್ನು ಹೊತ್ತಿರುವುದು ಹರಳೆಣ್ಣೆಯೇ. ಅದನ್ನು ನೀರಿನಲ್ಲಿ ಹರಡಿ ಹಿಡಿದಿರುವುದು ಪಾಲಿಸಾರ್ಬೇಟ್ 80. ಜೊತೆಗೆ ಗ್ಲಿಸರಿನ್ ಇದೆ. ಬಳಸಿದವರಲ್ಲಿ ಶೇಕಡ 17ರಷ್ಟು ಮಂದಿಗೆ ಕಣ್ಣುರಿ ಕಂಡುಬಂದಿತೆಂದು ಅದರ ಅಧಿಕೃತ ಮಾಹಿತಿಪತ್ರವೇ ಹೇಳುತ್ತದೆ. ಎರಡನೆಯ ಪಾತ್ರ ಸರ್ಫ್ಯಾಕ್ಟಂಟಾಗಿ. ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಕೂಡಿಸಿದರೆ ಪಾಲಿಆಕ್ಸಿಲ್ ಹರಳೆಣ್ಣೆ ದೊರೆಯುತ್ತದೆ. ನಮ್ಮ ದೇಶದ ಸನ್ ಫಾರ್ಮಾ ಕಂಪನಿಗೆ 2018ರಲ್ಲಿ ಅಮೆರಿಕದ ಅನುಮತಿ ದೊರೆತ ಸೀಕ್ವಾ ಎಂಬ ಹನಿಯಲ್ಲಿ ಅದೇ ಸೈಕ್ಲೋಸ್ಪೋರಿನ್ ಇದೆ, ಆದರೆ ಎಣ್ಣೆಯ ಹನಿಗಳಿಲ್ಲ. ಹೈಡ್ರೋಜನ್ ಕೂಡಿಸಿದ ಪಾಲಿಆಕ್ಸಿಲ್ ಹರಳೆಣ್ಣೆ ಮತ್ತು ಆಕ್ಟಾಕ್ಸಿನಾಲ್ ಎಂಬ ಎರಡು ಸರ್ಫ್ಯಾಕ್ಟಂಟುಗಳು ತಾವೇ ಸೂಕ್ಷ್ಮ ಗೂಡುಗಳಾಗಿ ಔಷಧವನ್ನು ಒಳಗಿಟ್ಟುಕೊಳ್ಳುತ್ತವೆ. ಅದನ್ನು ಹಾಕಿದಾಗ ನೋವಾಯಿತೆಂದವರು ಶೇಕಡ 22. ಎರಡು ಬೇರೆ ಬೇರೆ ಪರೀಕ್ಷೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು ಎನ್ನುವುದು ಸರಿಯಲ್ಲ. ಔಷಧವೇ ಸ್ವತಃ ಉರಿ ತರಬಲ್ಲದು, ಒಣಗಿದ ಕಣ್ಣು ಮೊದಲೇ ನೊಂದಿರುತ್ತದೆ. ಆದರೂ ನ್ಯಾನೊ ಎಂದ ಮಾತ್ರಕ್ಕೆ ಹನಿ ಹಿತವಾಗಿಬಿಡುವುದಿಲ್ಲ ಎಂಬುದಂತೂ ಇದರಿಂದ ಸ್ಪಷ್ಟ.

ಇದನ್ನು ಓದಿ ಗಾಣದ ಹರಳೆಣ್ಣೆಯನ್ನು ಯಾರೂ ಕಣ್ಣಿಗೆ ಬಿಟ್ಟುಕೊಳ್ಳಬಾರದು. ಔಷಧಕ್ಕೆ ಬಳಸುವ ಎಣ್ಣೆ ಶುದ್ಧೀಕರಣ ಮತ್ತು ಕ್ರಿಮಿರಹಿತಗೊಳಿಸುವ ಹಲವು ಹಂತಗಳನ್ನು ದಾಟಿ ಬಂದದ್ದು. ಅಡುಗೆಮನೆಯ ಸೀಸೆಯದು ಹಾಗಲ್ಲ.

‘ನಿಷ್ಕ್ರಿಯ’ ಎಂಬ ಹೆಸರು

ಔಷಧಶಾಸ್ತ್ರದಲ್ಲಿ ಸರ್ಫ್ಯಾಕ್ಟಂಟುಗಳನ್ನು ನಿಷ್ಕ್ರಿಯ ಘಟಕಗಳ ಪಟ್ಟಿಯಲ್ಲಿ ಸೇರಿಸುವ ರೂಢಿಯಿದೆ. ಈ ಹೆಸರು ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ಕಣ್ಣಿನ ಹೊರಗಿನ ನಿದರ್ಶನಗಳಿವೆ. ಅಮೆರಿಕದಲ್ಲಿ 1983–84ರಲ್ಲಿ ಇ-ಫೆರಾಲ್ ಎಂಬ ವಿಟಮಿನ್-ಇ ಚುಚ್ಚುಮದ್ದು ಪಡೆದ, ಅವಧಿಗೆ ಮುನ್ನ ಹುಟ್ಟಿದ 38 ಶಿಶುಗಳು ಮೃತಪಟ್ಟವು. ತನಿಖೆಯ ಬೆರಳು ತಿರುಗಿದ್ದು ವಿಟಮಿನ್ನಿಗಿಂತ ಹೆಚ್ಚಾಗಿ ಅದನ್ನು ಕರಗಿಸಲು ಬಳಸಿದ ಪಾಲಿಸಾರ್ಬೇಟುಗಳ ಕಡೆಗೆ. ಪಾಲಿಸಾರ್ಬೇಟ್ 80 ವಿಷವೆಂದು ಇದರ ಅರ್ಥವಲ್ಲ. ನಮ್ಮಲ್ಲಿ ಕೋಟ್ಯಂತರ ಜನ ಪಡೆದ ಕೋವಿಶೀಲ್ಡ್ ಲಸಿಕೆಯಲ್ಲಿಯೂ ಅದು ಅತ್ಯಲ್ಪ ಪ್ರಮಾಣದಲ್ಲಿತ್ತು. ಪ್ರಮಾಣ ಮತ್ತು ಪಡೆಯುವ ದೇಹ ಬದಲಾದರೆ ಅದೇ ವಸ್ತುವಿನ ನಡವಳಿಕೆಯೂ ಬದಲಾಗುತ್ತದೆ.

ಕಣ್ಣಿನ ಹನಿಗಳಲ್ಲಿ ಅತಿ ಹಳೆಯ ಹಾಗೂ ಅತಿ ವ್ಯಾಪಕ ಸರ್ಫ್ಯಾಕ್ಟಂಟೆಂದರೆ ಸಂರಕ್ಷಕವಾಗಿ ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡ್. ತೆರೆದ ಬಾಟಲಿಯಲ್ಲಿ ರೋಗಾಣುಗಳು ಬೆಳೆಯದಂತೆ ಅವುಗಳ ಹೊದಿಕೆಯನ್ನು ಹರಿದುಹಾಕುವುದು ಅದರ ಕೆಲಸ. ರೋಗಾಣುವಿನ ಹೊದಿಕೆಗೂ ಕಾರ್ನಿಯಾದ ಜೀವಕೋಶದ ಹೊದಿಕೆಗೂ ಅದು ಪೂರ್ಣ ಭೇದ ಎಣಿಸದು. ನೆಗಡಿಗಣ್ಣಿಗೆ ಒಂದು ವಾರ ಹಾಕುವ ಹನಿಯಲ್ಲಿ ಇದು ಚಿಂತೆಯ ವಿಷಯವಾಗಲಾರದು. ಗ್ಲಾಕೋಮಾ ರೋಗಿಗಳ ಪಾಡು ಬೇರೆ. ಅವರು ಜೀವನಪರ್ಯಂತ ದಿನವೂ ಹನಿ ಹಾಕಿಕೊಳ್ಳಬೇಕು. ಉರಿ ತಾಳಲಾರದೆ ಹನಿ ಬಿಟ್ಟವರಿಗೆ ಕೂಡಲೇ ಯಾವ ತೊಂದರೆಯೂ ಕಾಣಿಸದು. ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿಯ ಅಂಚು ಕುಗ್ಗುತ್ತ ಬರುತ್ತದೆ. ಹೀಗೆ ಹೋದ ದೃಷ್ಟಿ ಮರಳುವುದಿಲ್ಲ. ಆದುದರಿಂದ ‘ಸ್ವಲ್ಪ ಉರಿಯುತ್ತದೆ ಅಷ್ಟೇ’ ಎಂಬ ಮಾತನ್ನು ಅಂಗಡಿಯ ಕಟ್ಟೆಯ ಮೇಲೆ ಹಗುರವಾಗಿ ಆಡುವಂತಿಲ್ಲ.

ಹಾಗೆಂದು ಸಂರಕ್ಷಕವನ್ನು ತೆಗೆದುಹಾಕಿದರೆ ಎಲ್ಲವೂ ಸರಿಹೋಯಿತೇ? 2023ರಲ್ಲಿ ಭಾರತದಲ್ಲಿ ತಯಾರಾಗಿ ಅಮೆರಿಕಕ್ಕೆ ರಫ್ತಾದ ಕೃತಕ ಕಂಬನಿಯ ಪ್ರಕರಣ ಉದ್ಯಮದ ಎಲ್ಲರಿಗೂ ನೆನಪಿರಬೇಕು. ಹಲವು ದಿನ ಬಳಸುವ ಬಾಟಲಿಯಲ್ಲಿ ಸಾಕಷ್ಟು ಸಂರಕ್ಷಕವಿಲ್ಲದೆ ತುಂಬಿದ್ದುದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎತ್ತಿದ ಆಕ್ಷೇಪಗಳಲ್ಲೊಂದು. ಔಷಧಗಳಿಗೆ ಬಗ್ಗದ ಸ್ಯೂಡೋಮೊನಾಸ್ ರೋಗಾಣುವಿನಿಂದ 18 ರಾಜ್ಯಗಳಲ್ಲಿ 81 ಮಂದಿ ಬಾಧಿತರಾದರು. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಸಂರಕ್ಷಕವಿಲ್ಲದ ಹನಿಗೆ ಒಂದೇ ಸಲ ಬಳಸಿ ಬಿಸಾಡುವ ಪುಟ್ಟ ಕೊಳವೆಯಾಗಲಿ, ಗಾಳಿ ಒಳನುಗ್ಗದ ವಿಶೇಷ ಬಾಟಲಿಯಾಗಲಿ ಬೇಕೇಬೇಕು. ಅದಕ್ಕೆ ತಗಲುವ ವೆಚ್ಚವೇ ಅಂತಹ ಹನಿಗಳ ಹೆಚ್ಚಿನ ಬೆಲೆಗೆ ಮುಖ್ಯ ಕಾರಣ. ಗಿರಾಕಿ ಬೆಲೆ ಕೇಳಿ ಹುಬ್ಬೇರಿಸಿದಾಗ ಈ ಮಾತನ್ನು ವಿವರಿಸಿ ಹೇಳುವ ಅಂಗಡಿಯವರು ವಿರಳ.

ಪರೀಕ್ಷೆಯ ಮಿತಿ

ಕಣ್ಣಿಗೆ ಒಂದು ವಸ್ತು ಎಷ್ಟು ಕಠೋರವೆಂಬುದನ್ನು ಅಳೆಯಲು ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1944ರಲ್ಲಿ ಮೊಲಗಳ ಕಣ್ಣಿನ ಮೇಲಿನ ಪರೀಕ್ಷೆಯನ್ನು ರೂಪಿಸಿದರು. ಕ್ರೌರ್ಯದ ಆಕ್ಷೇಪ ಒಂದೆಡೆ ಇರಲಿ, ಮೊಲ ಮನುಷ್ಯನಷ್ಟು ಕಣ್ಣು ಮಿಟುಕಿಸುವುದಿಲ್ಲ, ಅಷ್ಟು ಕಂಬನಿಯನ್ನೂ ಸುರಿಸುವುದಿಲ್ಲ. ಈಗ ಕಸಾಯಿಖಾನೆಯಿಂದ ತಂದ ದನದ ಕಣ್ಣುಗಳ ಕಾರ್ನಿಯಾ, ಕೋಳಿಯ ಕಣ್ಣು, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಪದರ ಮುಂತಾದವನ್ನು ಬಳಸುವ ಪರೀಕ್ಷೆಗಳು ಅಂತರರಾಷ್ಟ್ರೀಯ ಮಾನ್ಯತೆ ಪಡೆದಿವೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿಯೇ ನಿಷೇಧಿಸಿತು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯು ಪ್ರಾಣಿಗಳಿಲ್ಲದ ವಿಧಾನಗಳಿಗೆ ದಾರಿ ತೆರೆದಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಒಂದು ಸಲ ಸೋಕಿದರೆ ಏನಾಗುತ್ತದೆಂದು ಹೇಳುತ್ತವೆಯೇ ಹೊರತು, ದಿನಕ್ಕೆರಡು ಸಲ ಹತ್ತು ವರ್ಷ ಹಾಕಿದರೆ ಏನಾಗುತ್ತದೆಂದು ಹೇಳಲಾರವು. ಅದಕ್ಕೆ ರೋಗಿಗಳನ್ನು ದೀರ್ಘಕಾಲ ಗಮನಿಸುವುದನ್ನು ಬಿಟ್ಟು ಅನ್ಯ ಮಾರ್ಗವಿಲ್ಲ.

ಡಬ್ಬಿಯ ಮೇಲಿನ ಹೆಸರು ಸಾಲದು

ಇನ್ನು ವರ್ತಕರಿಗೆ ನೇರವಾಗಿ ಸಂಬಂಧಿಸಿದ ಮಾತು. ಪಾಲಿಸಾರ್ಬೇಟ್ 80 ಎಂಬ ಒಂದೇ ಹೆಸರಿನಲ್ಲಿ ಕೈಗಾರಿಕಾ ದರ್ಜೆಯ ಸರಕೂ ಸಿಗುತ್ತದೆ, ಔಷಧ ದರ್ಜೆಯದೂ ಸಿಗುತ್ತದೆ. ನೋಡಲು ಎರಡೂ ಹೊಂಬಣ್ಣದ ಮಂದ ದ್ರವವೇ. ವ್ಯತ್ಯಾಸ ಇರುವುದು ಉಳಿಕೆ ಕಲ್ಮಶಗಳಲ್ಲಿ. ಪ್ರಮುಖ ಔಷಧಕೋಶಗಳ ಪ್ರಕಾರ ಅದರಲ್ಲಿ ಉಳಿದಿರುವ ಎಥಿಲೀನ್ ಆಕ್ಸೈಡ್ ಹತ್ತು ಲಕ್ಷದಲ್ಲಿ 1 ಭಾಗವನ್ನೂ, ಡಯಾಕ್ಸೇನ್ 10 ಭಾಗವನ್ನೂ ಮೀರುವಂತಿಲ್ಲ. ಪೆರಾಕ್ಸೈಡ್ ಮೌಲ್ಯ 10ರೊಳಗಿರಬೇಕು. ಎಣ್ಣೆ ಮಿಲ್ಲಿನವರಿಗೆ ಪೆರಾಕ್ಸೈಡ್ ಮೌಲ್ಯದ ಅರ್ಥ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಮುಗ್ಗು ಹಿಡಿಯುವುದನ್ನು ತೋರಿಸುವ ಅದೇ ಅಳತೆ ಇದು. ಬಿಸಿಲು, ಗಾಳಿ, ತೆರೆದಿಟ್ಟ ಮುಚ್ಚಳಗಳಿಂದ ಅದು ಏರುತ್ತದೆ. ಮುಗ್ಗಿದ ಎಣ್ಣೆಯನ್ನು ಮೂಗು ಪತ್ತೆಹಚ್ಚುತ್ತದೆ. ಕಣ್ಣಿನ ಹನಿಗೆ ಸೇರುವ ಕೆಟ್ಟ ಪಾಲಿಸಾರ್ಬೇಟನ್ನು ಪ್ರಯೋಗಾಲಯವೇ ಪತ್ತೆಹಚ್ಚಬೇಕು. ಆದ್ದರಿಂದ ಇಂತಹ ಸರಕನ್ನು ಮರುಮಾರಾಟ ಮಾಡುವವರು ಮೂಲ ತಯಾರಕರ ಪರೀಕ್ಷಾ ಪ್ರಮಾಣಪತ್ರವನ್ನು ಬ್ಯಾಚ್ ಸಂಖ್ಯೆಯೊಡನೆ ಮುಂದಿನ ಕೈಗೆ ದಾಟಿಸಬೇಕು. ದೊಡ್ಡ ಪೀಪಾಯಿಯಿಂದ ಚಿಕ್ಕ ಡಬ್ಬಿಗಳಿಗೆ ತುಂಬಿ, ಹೊಸ ಚೀಟಿ ಅಂಟಿಸಿ ಮಾರುವ ಅಭ್ಯಾಸ ಬಣ್ಣ-ವಾರ್ನಿಷುಗಳ ವ್ಯಾಪಾರದಲ್ಲಿ ನಡೆದೀತು, ಇಲ್ಲಿ ನಡೆಯದು.

ಸರಪಣಿಯ ಒಂದು ಕೊಂಡಿ ಸಡಿಲಿದರೆ ಏನಾಗುತ್ತದೆಂಬುದನ್ನು ರಾಜ್ಯ ಹತ್ತಿರದಿಂದಲೇ ಕಂಡಿದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ಸೋಂಕಿಗೆ ತುತ್ತಾಗಿ, ಕೆಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ಬಳಸುವ ಜೆಲ್ ಕಲುಷಿತವಾಗಿತ್ತೆಂದು ಆಗ ವರದಿಯಾಯಿತು. ಅದು ಸರ್ಫ್ಯಾಕ್ಟಂಟಿನ ಪ್ರಕರಣವಲ್ಲ, ಔಷಧವೂ ಅಲ್ಲ. ‘ನಿಷ್ಕ್ರಿಯ’ ಎನ್ನಬಹುದಾದ ಸಹಾಯಕ ವಸ್ತು. ಇದೇ ರೀತಿ, ಉಪಕರಣಗಳನ್ನು ತೊಳೆದ ಡಿಟರ್ಜೆಂಟಿನ ಉಳಿಕೆ ಕಣ್ಣಿನೊಳಗೆ ಸೇರಿದರೆ ರೋಗಾಣುವಿಲ್ಲದೆಯೇ ಒಂದೆರಡು ದಿನಗಳಲ್ಲಿ ತೀವ್ರ ಉರಿಯೂತ ಉಂಟಾಗುವುದು ವೈದ್ಯರಿಗೆ ತಿಳಿದ ಸಂಗತಿ. ನೇತ್ರ ಶಿಬಿರಗಳಿಗೆ ಉದಾರವಾಗಿ ನೆರವಾಗುವ ನಮ್ಮ ದಾನಿಗಳು ಊಟ, ಪೆಂಡಾಲುಗಳ ಖರ್ಚಿನೊಡನೆ ಉಪಕರಣಗಳನ್ನು ಜಾಲಿಸಲು ಬೇಕಾದ ಶುದ್ಧ ನೀರಿನ ಖರ್ಚನ್ನೂ ವಹಿಸಿಕೊಂಡರೆ ಒಳಿತು.

ಕಾನೂನಿನಲ್ಲಿ ಕಣ್ಣಿನ ಔಷಧಗಳಿಗೆ ಪ್ರತ್ಯೇಕ ಸ್ಥಾನವಿದೆ. ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಎಫ್‌ಎಫ್ ಅನುಸೂಚಿಯು ಹನಿಗಳು ಕ್ರಿಮಿರಹಿತವಾಗಿರಬೇಕೆಂದೂ, ಸಂರಕ್ಷಕದ ಹೆಸರು ಮತ್ತು ಪ್ರಮಾಣವನ್ನು ಲೇಬಲ್ಲಿನಲ್ಲಿ ನಮೂದಿಸಬೇಕೆಂದೂ, ತೆರೆದ ಒಂದು ತಿಂಗಳೊಳಗೆ ಬಳಸಬೇಕೆಂದು ಬರೆಯಬೇಕೆಂದೂ ವಿಧಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ದ್ರಾವಣಗಳಲ್ಲಿ ಸಂರಕ್ಷಕವೇ ಇರಕೂಡದು, ಅವು ಒಂದೇ ಬಳಕೆಯ ಪೊಟ್ಟಣದಲ್ಲಿರಬೇಕು. ಉತ್ಪಾದನಾ ಗುಣಮಟ್ಟದ ಎಂ ಅನುಸೂಚಿಯನ್ನು 2023ರ ಡಿಸೆಂಬರಿನಲ್ಲಿ ಬಿಗಿಗೊಳಿಸಲಾಯಿತು. ಅಳವಡಿಸಿಕೊಳ್ಳಲು ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ನೀಡಿದ ಹೆಚ್ಚುವರಿ ಕಾಲಾವಕಾಶ 2025ರ ಅಂತ್ಯಕ್ಕೆ ಮುಗಿದಿದೆ.

ಅಂಗಡಿಯ ಮಟ್ಟದಲ್ಲಿ ಮಾಡಬೇಕಾದುದು ಕೆಲವೇ. ಏಪ್ರಿಲ್-ಮೇ ತಿಂಗಳ ಹಿರಿಯೂರಿನ ಬಿಸಿಲಿನಲ್ಲಿ ಬಸ್ಸಿನ ಮೇಲೆ ಬಂದ ಪಾರ್ಸೆಲ್ಲಿನಲ್ಲಿ ಹಾಲಿನಂತಹ ಬಿಳಿಯ ಹನಿಗಳಿದ್ದರೆ, ಲೇಬಲ್ಲಿನ ತಾಪಮಾನದ ಸೂಚನೆಯನ್ನು ಮೊದಲು ಓದಬೇಕು. ಹಾಗೆಂದು ಅವನ್ನು ಫ್ರಿಜ್ಜಿನ ಮಂಜುಗಡ್ಡೆಯ ಅರೆಗೆ ತಳ್ಳಬಾರದು. ಹೆಪ್ಪುಗಟ್ಟಿ ಕರಗಿದ ಎಮಲ್ಷನ್ನಿನಲ್ಲಿ ಎಣ್ಣೆ ಬೇರ್ಪಡುವ ಸಂಭವವಿದೆ. ಎಣ್ಣೆ ಮೇಲೆ ತೇಲಿದ ಅಥವಾ ಗಂಟುಗಟ್ಟಿದ ಬಾಟಲಿಯನ್ನು ಕುಲುಕಿ ಕೊಡದೆ ವಿತರಕರಿಗೆ ಹಿಂದಿರುಗಿಸಬೇಕು. ವೈದ್ಯರು ಬರೆದ ಸಂರಕ್ಷಕರಹಿತ ಹನಿಯ ಬದಲು ಅದೇ ಔಷಧವೆಂದು ಬೇರೆ ಬಾಟಲಿಯನ್ನು ಕೊಡಬಾರದು. ಉರಿಯೆಂದು ಗಿರಾಕಿ ಮರಳಿ ಬಂದರೆ ಅವರನ್ನು ವೈದ್ಯರ ಬಳಿಗೆ ಕಳುಹಿಸುವುದರೊಡನೆ, ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಔಷಧಗಳ ದುಷ್ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ಕರೆ ಮಾಡಲು ವೈದ್ಯರೇ ಆಗಬೇಕೆಂದಿಲ್ಲ.